ನೀಲಿ ವಿಟೆಕ್: ಕೊಳ್ಳಬೇಕೋ ಬೇಡವೋ

ಮೊದಲ ಭಾನುವಾರ

ಇವತ್ತು ಬೆಂಗಳೂರಿನ ಬನಶಂಕರಿಗೆ ಹೋಗಿ ಕಾರು ನೋಡಿ ಬಂದೆ. 2002ರ ಹೋಂಡಾ ಸಿಟಿ 1.5 ವಿಟೆಕ್. ಎಂಜಿನ್ ವೇಗ ಏರಿದಾಗ ಅದರ ವಾಲ್ವ್‌ಗಳನ್ನು (ಗಾಳಿ, ಹೊಗೆ ಬಿಡುವ ಬಾಗಿಲುಗಳು) ಹೆಚ್ಚು ತೆರೆಯುವ ಹೋಂಡಾ ತಂತ್ರವೇ ವಿಟೆಕ್. ಕಾರಿನ ಹುಚ್ಚಿರುವವರು ಇದನ್ನು ಒಎಚ್‌ಸಿ (ಓವರ್‌ಹೆಡ್ ಕ್ಯಾಮ್) ಅಂತಲೇ ಕರೆಯುತ್ತಾರೆ. ನೋಡೋಕೆ ಸಾದಾ ಸೆಡಾನ್. ಆದರೆ ಇದರಲ್ಲಿ 106 ಎಚ್‌ಪಿ ಇದೆ, ಆ ಕಾಲಕ್ಕೆ ಅದು ತುಂಬಾ ಜಾಸ್ತಿ. 2003ರಲ್ಲಿ ಇದರ ಜಾಗಕ್ಕೆ ಬಂದ ಸಿಟಿ 77 ಎಚ್‌ಪಿಗೆ ಇಳಿಯಿತು. ಹಾಗಾಗಿ ಇದನ್ನು ಓಡಿಸಿದವರು ಇವತ್ತಿಗೂ ಬಿಟ್ಟುಕೊಡುವುದಿಲ್ಲ. ನನಗೆ ಇದೇ ಸ್ಪೋರ್ಟ್ಸ್ ಕಾರು.

ಮಾರುವವರು 3.25 ಲಕ್ಷ ಕೇಳುತ್ತಿದ್ದಾರೆ. ಅವರು ಮಾಡಿಸಿದ ಮಾರ್ಪಾಡುಗಳು: ಹೆಡರ್ (ಎಂಜಿನ್ನಿಂದ ಹೊಗೆ ಒಯ್ಯುವ ಕೊಳವೆಗಳು), ಹೊಗೆ ಸಲೀಸಾಗಿ ಬಿಡುವ ಫ್ರೀ ಫ್ಲೋ ಸೈಲೆನ್ಸರ್, ಹೊಸ ಏರ್ ಫಿಲ್ಟರ್, ದೊಡ್ಡ ಅಲಾಯ್ ಚಕ್ರ, ಎತ್ತರ ಇಳಿಸಿದ ಸಸ್ಪೆನ್ಷನ್, ನೀಲಿ ಬಣ್ಣ. ಒಂದೂವರೆ ಲಕ್ಷದ ಬಿಲ್ಲುಗಳನ್ನು ಫೈಲು ಮಾಡಿ ಇಟ್ಟಿದ್ದಾರೆ. ಒಂದೊಂದನ್ನೂ ತೋರಿಸಿದರು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಬಿಚ್ಚಿದ ಒರಿಜಿನಲ್ ಪಾರ್ಟ್ಸ್ ಎಲ್ಲಿವೆ?" ಏರ್ ಫಿಲ್ಟರ್ ಡಬ್ಬ, ಹಳೆಯ ಸೈಲೆನ್ಸರ್ ಅಟ್ಟದ ಮೇಲಿವೆಯಂತೆ. ಸ್ಪ್ರಿಂಗ್ ಇಲ್ಲ.

ಯಾಕಿಲ್ಲ ಅಂತ ಕಾರಿನ ಕೆಳಗೆ ಬಗ್ಗಿ ನೋಡಿದಾಗ ಗೊತ್ತಾಯಿತು. ಹೊಸ ಸ್ಪ್ರಿಂಗ್ ಹಾಕಿಲ್ಲ, ಇದ್ದದ್ದನ್ನೇ ಕತ್ತರಿಸಿದ್ದಾರೆ. ಇದು ನನಗೆ ನಿಜಕ್ಕೂ ಬೇಜಾರು ತರಿಸುವ ಕೆಲಸ. ಒಂದು ಸುತ್ತು ಕತ್ತರಿಸಿದರೆ ಕಾರು ಚೆನ್ನಾಗಿ ಕಾಣಬಹುದು. ಆದರೆ ಸ್ಪ್ರಿಂಗಿನ ತುದಿ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಶಾಕ್ ಅಬ್ಸಾರ್ಬರ್ ಓಡಾಡೋಕೆ ಜಾಗ ಸಾಲದೆ ಪ್ರತಿ ಹಂಪ್‌ನಲ್ಲೂ ಬಡಿಯುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರು ಒಳಗೆ ಉಜ್ಜುವ ಗುರುತೂ ಇದೆ. ಸ್ಪ್ರಿಂಗ್, ಶಾಕ್ ಎರಡೂ ಹೊಸದು ಬೇಕು ಅಂತ ಬರೆದುಕೊಂಡೆ.

ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ನೋಡಿದೆ. ತುಕ್ಕು ಮೇಲ್ಮೇಲೆ ಇದೆ, ತೂತಾಗಿಲ್ಲ. ಬಾನೆಟ್ ಒಳಗೆ ಏಪ್ರನ್ (ಪಕ್ಕದ ಒಳತಗಡು) ಮೇಲೆ ಕಂಪನಿ ವೆಲ್ಡಿಂಗ್ ಚುಕ್ಕೆಗಳು ಸಾಲಾಗಿ ಹಾಗೇ ಇವೆ. ಮುಂದೆ ದೊಡ್ಡ ಪೆಟ್ಟು ಬಿದ್ದಿಲ್ಲ. ಸಮಾಧಾನವಾಯಿತು.

ಎರಡನೇ ಶನಿವಾರ

ಬೆಳಗ್ಗೆ ಏಳಕ್ಕೇ ಹೋದೆ, ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಬೇಕಿತ್ತು. ಆಯಿಲ್ ಸುಡುತ್ತಿದ್ದರೆ ಬರುವ ನೀಲಿ ಹೊಗೆ ಬರಲಿಲ್ಲ. ಬಿಸಿಯಾದ ಮೇಲೆ ಎರಡನೇ ಗೇರಿನಲ್ಲಿ ಎಳೆದೆ. ಐದು ಸಾವಿರ ಆರ್‌ಪಿಎಂ ಹತ್ತಿರ ಬರುತ್ತಿದ್ದಂತೆ ಸದ್ದು ಬದಲಾಯಿತು. ರೋಮಾಂಚನ! ಇದು ಬರೀ ಖುಷಿಯ ವಿಷಯವಲ್ಲ, ಒಂದು ಪರೀಕ್ಷೆಯೂ ಹೌದು. ವಿಟೆಕ್‌ನಲ್ಲಿ ವಾಲ್ವ್ ಒತ್ತುವ ತೋಳುಗಳಾದ ರಾಕರ್‌ಗಳ ನಡುವಿನ ಪಿನ್ನನ್ನು ತಳ್ಳುವುದು ಆಯಿಲ್ ಒತ್ತಡ. ಆಗ ದೊಡ್ಡ ಕ್ಯಾಮ್ (ವಾಲ್ವನ್ನು ಹೆಚ್ಚು ತೆರೆಸುವ ಉಬ್ಬು) ಕೆಲಸಕ್ಕೆ ಬರುತ್ತದೆ. ಆಯಿಲ್ ಕಡಿಮೆ ಇದ್ದರೆ, ಅದನ್ನು ಸೋಸುವ ಜಾಲರಿಯಲ್ಲಿ ಕೆಸರು ಕಟ್ಟಿದ್ದರೆ ಆ ಬದಲಾವಣೆ ಬರೋದೇ ಇಲ್ಲ.

ಆದರೆ ಐಡಲಿಂಗ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ಸಣ್ಣ ನಡುಕ. ಗುರುತಿನ ಮೆಕ್ಯಾನಿಕ್ ಅಣ್ಣನ ಹತ್ತಿರ ಕರೆದುಕೊಂಡು ಹೋದೆವು. ಕಂಪ್ರೆಷನ್, ಅಂದರೆ ನಾಲ್ಕೂ ಸಿಲಿಂಡರ್ ಒಳಗಿನ ಒತ್ತಡ ನೋಡಿದರು: 180, 178, 138, 176 ಪಿಎಸ್‌ಐ. ಮೂರನೇ ಸಿಲಿಂಡರ್ ಬಿದ್ದಿದೆ. ನನ್ನ ಎದೆಯೂ ಕುಸಿಯಿತು. ಅಣ್ಣ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರು. 142. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಒತ್ತಡ ಚೆನ್ನಾಗಿ ಏರಬೇಕಿತ್ತು. ಏರಲಿಲ್ಲ. ಅಂದರೆ ವಾಲ್ವ್ ಕಡೆ ತೊಂದರೆ.

"ಟ್ಯಾಪೆಟ್ ಸೆಟ್ಟಿಂಗ್ ಯಾವಾಗ ಮಾಡಿಸಿದ್ರಿ ಸರ್?" ಅಂತ ಅಣ್ಣ ಕೇಳಿದರು. ವಾಲ್ವಿಗೂ ರಾಕರಿಗೂ ನಡುವಿನ ಗ್ಯಾಪ್ ಸರಿಮಾಡುವುದೇ ಟ್ಯಾಪೆಟ್ ಸೆಟ್ಟಿಂಗ್. ಒಂದೂವರೆ ಲಕ್ಷದ ಫೈಲಿನಲ್ಲಿ ಆ ಬಿಲ್ಲೇ ಇರಲಿಲ್ಲ. ಕ್ಯಾಮ್ ತಿರುಗಿಸುವ ಟೈಮಿಂಗ್ ಬೆಲ್ಟಿನ ಬಿಲ್ಲೂ ಇಲ್ಲ.

ಎಂಜಿನ್ ತಣ್ಣಗಾಗದೆ ಟ್ಯಾಪೆಟ್ ಮುಟ್ಟುವಂತಿಲ್ಲ. ಕಾರನ್ನು ರಾತ್ರಿ ಅಲ್ಲೇ ಬಿಟ್ಟೆವು. ಮಾರುವವರು ಒಪ್ಪಿದ್ದೇ ದೊಡ್ಡ ವಿಷಯ. ಮುಚ್ಚಿಡುವ ಮನಸ್ಸಿದ್ದವರು ಹೀಗೆ ಬಿಚ್ಚೋಕೆ ಬಿಡುವುದಿಲ್ಲ.

ಭಾನುವಾರ

ಮೂರನೇ ಸಿಲಿಂಡರಿನ ಒಂದು ಎಕ್ಸಾಸ್ಟ್ ವಾಲ್ವಿಗೆ ಗ್ಯಾಪೇ ಇರಲಿಲ್ಲ. ಗ್ಯಾಪ್ ಅಳೆಯುವ ಫೀಲರ್ ಗೇಜಿನ ಅತಿ ತೆಳ್ಳನೆಯ ಎಲೆಯೂ ಹೋಗಲಿಲ್ಲ. ಗ್ಯಾಪ್ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಒತ್ತಡ ಸೋರುತ್ತದೆ. ಹಾಗೇ ಓಡಿಸಿದರೆ ವಾಲ್ವ್ ಸುಟ್ಟುಹೋಗುತ್ತದೆ. ಎಲ್ಲ ಸರಿಮಾಡಿ, ಎಂಜಿನ್ ಬಿಸಿ ಮಾಡಿ ಮತ್ತೆ ಪರೀಕ್ಷೆ ಮಾಡಿದೆವು. ಮೂರನೆಯದು 170! ನಡುಕವೂ ಹೋಯಿತು. ಒತ್ತಡದ ಗೇಜಿನ ಫೋಟೋ ತೆಗೆದು ಮನೆಗೆ ಕಳಿಸಿದೆ.

ಬುಧವಾರ

ಕಾಗದಪತ್ರ ನೋಡಿದೆ. ಎಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿಗೆ ಹೊಂದುತ್ತವೆ. ಹೊಂದದಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆ. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು, ಅದು ಚಾಲ್ತಿಯಲ್ಲಿದೆ. ಆದರೆ ಆರ್‌ಸಿಯಲ್ಲಿ ಬಣ್ಣ ಬೆಳ್ಳಿ, ಎದುರಿಗಿರುವ ಕಾರು ನೀಲಿ. ಇದನ್ನು ಸಣ್ಣದು ಅಂತ ಬಿಡೋಕಾಗಲ್ಲ. ಆರ್‌ಸಿಯಲ್ಲಿ ಇರುವುದಕ್ಕೂ ಕಾರಿಗೂ ಹೊಂದದಿದ್ದರೆ ಮುಂದಿನ ನವೀಕರಣದಲ್ಲಿ, ವಿಮೆಯಲ್ಲಿ ತೊಂದರೆ ನನ್ನ ತಲೆಗೇ ಬರುತ್ತದೆ. ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಅದರ ಬಗ್ಗೆ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕಟ್ಟುನಿಟ್ಟಾಗಿಯೇ ಹೇಳಿದೆ.

ರಾತ್ರಿ ಕೂತು ಲೆಕ್ಕ ಹಾಕಿದೆ. ಮಾರ್ಪಾಡಿನ ಬಿಲ್ಲುಗಳಿಗೆ ಸೊನ್ನೆ ಕೊಟ್ಟೆ. ಸ್ಟಾಕ್ (ಮಾರ್ಪಾಡಿಲ್ಲದ) ಕಾರಿನ ಬೆಲೆಯಿಂದ ಸ್ಪ್ರಿಂಗ್, ಶಾಕ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಖರ್ಚು ಕಳೆದೆ. 2.20 ಲಕ್ಷ ಬಂತು. ಬಣ್ಣದ ಬದಲಾವಣೆಯನ್ನು ಆರ್‌ಟಿಒದಲ್ಲಿ ಅವರೇ ನಮೂದು ಮಾಡಿಸಬೇಕು, ಅಟ್ಟದ ಮೇಲಿನ ಡಬ್ಬ, ಸೈಲೆನ್ಸರ್ ಕಾರಿನ ಜೊತೆ ಬರಬೇಕು ಅಂತ ಹೇಳಿದೆ.

ಶುಕ್ರವಾರ

ಫೋನು ಬಂತು. 2.35 ಲಕ್ಷಕ್ಕೆ ಮಾತು ಮುಗಿಯಿತು. ಐದು ಸಾವಿರ ಮುಂಗಡ ಕೊಟ್ಟಿದ್ದೇನೆ. ಆರ್‌ಸಿಯಲ್ಲಿ ನೀಲಿ ಅಂತ ಬಂದ ದಿನ ಉಳಿದ ಹಣ. ನಾಳೆ ಸ್ಪ್ರಿಂಗ್ ಹುಡುಕೋಕೆ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೊರಟಿದ್ದೇನೆ.