ಇಷ್ಟು ಬೈಯುತ್ತೀರಲ್ಲ, ಮತ್ತೆ ಸೆಮಿನಾರಿಗೆ ಯಾಕೆ ಹೋಗುತ್ತೀರಿ?

ಸ್ಟಾಫ್ ರೂಮಿನಲ್ಲಿ ಕಿರಿಯ ಸಹೋದ್ಯೋಗಿಗಳು ನನ್ನನ್ನು ಕೇಳುವುದು ಇದೊಂದೇ: "ಮೇಡಂ, ಹೋಗಿಬಂದು ವಾರವಿಡೀ ಬೈಕೊಂಡು ಓಡಾಡ್ತೀರಿ. ಮುಂದಿನ ತಿಂಗಳು ನೋಡಿದರೆ ಮತ್ತೆ ಓಓಡಿ ಅರ್ಜಿ ಹಿಡ್ಕೊಂಡು ಪ್ರಿನ್ಸಿಪಾಲರ ಮುಂದೆ ನಿಂತಿರ್ತೀರಿ. ಯಾಕೆ?" (ಕಾಲೇಜಿನವರಲ್ಲದವರಿಗೆ: ಓಓಡಿ ಎಂದರೆ ಕೆಲಸದ ಲೆಕ್ಕದಲ್ಲೇ ಬೇರೆ ಊರಿಗೆ ಹೋಗುವ ಅನುಮತಿ, ರಜೆ ಖರ್ಚಾಗುವುದಿಲ್ಲ.)

ಚಿಕ್ಕ ಉತ್ತರ: ಸರ್ಟಿಫಿಕೇಟಿಗೆ. ಸಭಾಂಗಣದಲ್ಲಿ ಕೂತ ಬಹುಪಾಲು ಜನ ಅದಕ್ಕೇ ಬಂದಿರುತ್ತಾರೆ. ಕರೆದವರಿಗೂ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಫೈಲಿಗೆ ಒಂದು ವರದಿ, ನಾಲ್ಕು ಫೋಟೋ ಬೇಕಾಗಿರುತ್ತದೆ. ಉದ್ದನೆಯ ಉತ್ತರಕ್ಕೆ ಉದ್ಘಾಟನೆಯಿಂದಲೇ ಶುರುಮಾಡಬೇಕು.

ಆಮಂತ್ರಣದಲ್ಲಿ ಬೆಳಿಗ್ಗೆ ಹತ್ತು ಗಂಟೆ ಎಂದಿರುತ್ತದೆ. ಹತ್ತೂಮುಕ್ಕಾಲಿಗೂ ಅತಿಥಿಗಳು ಪ್ರಿನ್ಸಿಪಾಲರ ಕೊಠಡಿಯಲ್ಲಿ ಕಾಫಿ ಕುಡಿಯುತ್ತಿರುತ್ತಾರೆ. ಆಮೇಲೆ ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಆಶಯ ಭಾಷಣ, ಮುಖ್ಯ ಅತಿಥಿಗಳ ಮಾತು, ಅಧ್ಯಕ್ಷೀಯ ನುಡಿ, ವಂದನಾರ್ಪಣೆ. ದೀಪಕ್ಕೆ ಐದು ಬತ್ತಿ, ಐವರು ಗಣ್ಯರು. "ಫ್ಯಾನ್ ಆಫ್ ಮಾಡ್ರಪ್ಪಾ" ಎಂದು ಯಾರೋ ಕೂಗುತ್ತಾರೆ, ನಾಲ್ಕು ಹತ್ತಿಕೊಳ್ಳುತ್ತವೆ, ಐದನೆಯ ಬತ್ತಿ ಎಣ್ಣೆಯೊಳಗೆ ಮುಳುಗಿ ಕೂತಿರುತ್ತದೆ. ಅಷ್ಟರಲ್ಲಿ ಫೋಟೋಗ್ರಾಫರು "ಸರ್, ಇನ್ನೊಂದ್ಸಲ, ಇತ್ಲಾಗೆ ನೋಡಿ" ಎಂದು ಹತ್ತಿದ ಬತ್ತಿಗಳನ್ನೇ ಮತ್ತೆ ಹಚ್ಚಿಸುತ್ತಾರೆ. ಸ್ವಾಗತದಲ್ಲಿ ಒಬ್ಬೊಬ್ಬರ ಹೆಸರಿಗೂ ಒಂದೊಂದು ಶಾಲು, ಒಂದೊಂದು ಹಣ್ಣಿನ ಬುಟ್ಟಿ. ಟ್ರೇ ಹಿಡಿದ ವಿದ್ಯಾರ್ಥಿನಿಗೆ ಮೆಟ್ಟಿಲು ಹತ್ತಿಳಿದೇ ಸಾಕಾಗಿರುತ್ತದೆ. ನಾಡಗೀತೆಯನ್ನು ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಅದೇ ಕಾಗದದಲ್ಲಿ ಅಧ್ಯಕ್ಷೀಯ ಭಾಷಣಕ್ಕೂ ಒಂದು ಸಾಲು ಬರೆದಿದ್ದರೆ ನಾಡಿಗೆ ಇನ್ನಷ್ಟು ಉಪಕಾರವಾಗುತ್ತಿತ್ತು. "ಹೇಳಬೇಕಾದ್ದನ್ನೆಲ್ಲ ಹಿಂದಿನವರೇ ಹೇಳಿದ್ದಾರೆ, ನಾನು ಹೆಚ್ಚು ಸಮಯ ತಗೊಳ್ಳುವುದಿಲ್ಲ" ಎಂದು ಮೈಕ್ ಹಿಡಿದವರನ್ನು ಕಂಡರೆ ನನಗೆ ಈಗ ಎದೆ ಝಲ್ಲೆನ್ನುತ್ತದೆ.

ಬೇಸರವಾಗುವುದು ಇದಕ್ಕಲ್ಲ, ಮದುವೆಮನೆಯಲ್ಲಿ ಇದಕ್ಕಿಂತ ಹೆಚ್ಚು ಕಾದಿದ್ದೇವೆ. ಈ ಒಂದೂವರೆ ಗಂಟೆಯ ಸಾಲವನ್ನು ತೀರಿಸುವವರು ಯಾರು ಎಂಬುದು ನನ್ನ ತಕರಾರು. ವೇದಿಕೆಯ ಮೇಲಿದ್ದವರಲ್ಲಿ ಅರ್ಧ ಜನ "ಇನ್ನೊಂದು ಕಾರ್ಯಕ್ರಮ ಇದೆ" ಎಂದು ಹೊರಟಿರುತ್ತಾರೆ. ತೀರಿಸುವವರು ಊಟವಾದ ಮೇಲೆ ಪ್ರಬಂಧ ಓದಲು ಬಂದ ಹುಡುಗ ಹುಡುಗಿಯರು. ಬ್ರೋಷರಿನಲ್ಲಿ ಹದಿನೈದು ನಿಮಿಷ ಎಂದಿದ್ದದ್ದು ಐದಕ್ಕೆ ಇಳಿದಿರುತ್ತದೆ. "ಬರೀ ಸಾರಾಂಶ ಹೇಳಿಬಿಡಮ್ಮ, ಪ್ರಬಂಧ ಹೇಗಿದ್ದರೂ ಪುಸ್ತಕದಲ್ಲಿ ಬರುತ್ತೆ" ಎನ್ನುತ್ತಾರೆ ಗೋಷ್ಠಿಯ ಅಧ್ಯಕ್ಷರು.

ಹಾಗೆ ಐದು ನಿಮಿಷ ಸಿಕ್ಕ ಒಬ್ಬಳು ತನ್ನ ತಾಲ್ಲೂಕಿನ ಕೆರೆ ಶಾಸನಗಳ ಬಗ್ಗೆ ಓದಲು ಎದ್ದಳು. ಪೆನ್‌ಡ್ರೈವ್ ಹಾಕಿದರೆ ಪರದೆಯ ಮೇಲೆ ಕೊಂಬು ಬಾಲ ಹಚ್ಚಿಕೊಂಡ ರೋಮನ್ ಅಕ್ಷರಗಳ ಸಂತೆ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದರ ಹಣೆಬರಹವೇ ಅದು: ಒಳಗೆ ರೋಮನ್ ಸಂಕೇತ, ಮೇಲೆ ಕನ್ನಡದ ಆಕಾರ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿಬೀಳುತ್ತದೆ. ಯಾವ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಯುನಿಕೋಡ್ ಬಂದು ಇಷ್ಟು ಕಾಲವಾದರೂ ನಮ್ಮ ಸೆಮಿನಾರುಗಳಲ್ಲಿ ಈ ನಾಟಕ ಮುಗಿದಿಲ್ಲ. ಅವಳು ಪರದೆಯ ಆಸೆ ಬಿಟ್ಟು ಮೊಬೈಲಿನಲ್ಲಿದ್ದ ಫೋಟೋ ನೋಡಿಕೊಂಡು ಶಾಸನದ ಸಾಲುಗಳನ್ನೇ ಓದಿದಳು. ಕೆರೆ ಕಟ್ಟಿಸಿದವನಿಗೆ ಕಟ್ಟುಗೊಡಗೆಯಾಗಿ ಬಿಟ್ಟ ಗದ್ದೆ, ಅದರ ಎಲ್ಲೆ, ಮೂಡಣ ತೂಬು. ಆ ತೂಬನ್ನು ಹುಡುಕಿಕೊಂಡು ಹೋಗಿ, ಅದರ ಕೆಳಗಿನ ಗದ್ದೆಯವರನ್ನು ಮಾತಾಡಿಸಿ ಬಂದಿದ್ದಳು. ಈಗಲೂ ಅಲ್ಲಿಂದಲೇ ನೀರು ಹರಿಯುತ್ತದಂತೆ. ಗದ್ದೆಯವರು ಏನೆಂದರು ಎಂಬಲ್ಲಿಗೆ ಬರುವಾಗ ಗಂಟೆ ಬಾರಿಸಿತು. ನಾನು ಅವಳನ್ನು ಊಟದ ಹಾಲಿನ ಪಕ್ಕ ಹಿಡಿದು ಮಿಕ್ಕದ್ದನ್ನು ಕೇಳಿಸಿಕೊಂಡೆ, ಅರ್ಧ ಗಂಟೆ. ನಾನು ಹೋಗುವುದು ಯಾಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಇಂಥವರ ನಡುವೆ ಕೂತ ಮಿಕ್ಕ ಪ್ರಬಂಧಗಳು ಯಾಕೆ ಹಾಗಿರುತ್ತವೆ ಎಂಬುದಕ್ಕೆ ಕಾರಣ ದೂರವೇನಿಲ್ಲ. 2010ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಅಧ್ಯಾಪಕರ ಬಡ್ತಿಗೆ ಎಪಿಐ ಎಂಬ ಅಂಕಪದ್ಧತಿ ತಂದಿತು. ಸೆಮಿನಾರಿನಲ್ಲಿ ಪ್ರಬಂಧ ಓದಿದರೂ ಅಂಕ. 2016ರ ನಿಯಮ ಪಿಎಚ್‌ಡಿ ಮಾಡುವವರಿಗೆ ಮಹಾಪ್ರಬಂಧ ಒಪ್ಪಿಸುವ ಮೊದಲು ಎರಡು ಪ್ರಬಂಧ ಮಂಡನೆ ಕಡ್ಡಾಯ ಎಂದಿತು. 2022ರಲ್ಲಿ ಆ ಕಡ್ಡಾಯ ಹೋಯಿತು, ಅಭ್ಯಾಸ ಉಳಿಯಿತು. ಬಡ್ತಿಯ 2018ರ ಪಟ್ಟಿಯಲ್ಲಿ ರಾಜ್ಯಮಟ್ಟಕ್ಕೆ 2 ಅಂಕ, ರಾಷ್ಟ್ರಮಟ್ಟಕ್ಕೆ 3, ದೇಶದೊಳಗೇ ನಡೆಯುವ ಅಂತಾರಾಷ್ಟ್ರೀಯಕ್ಕೆ 5. ಹೀಗಾಗಿ ಜೂಮ್‌ನಲ್ಲಿ ಹತ್ತು ನಿಮಿಷ ಕಾಣಿಸಿಕೊಳ್ಳುವ ಒಬ್ಬ ವಿದೇಶಿ ಅತಿಥಿ ಸಿಕ್ಕರೆ ತಾಲ್ಲೂಕು ಕೇಂದ್ರದ ಕಾಲೇಜಿನ ಫ್ಲೆಕ್ಸಿನಲ್ಲೂ "ಅಂತಾರಾಷ್ಟ್ರೀಯ" ಎಂಬ ಪದ ದಪ್ಪಕ್ಷರದಲ್ಲಿ ಬಂದುಬಿಡುತ್ತದೆ. ಸೆಮಿನಾರುಗಳ ಅಂಕ ಒಟ್ಟು ಸಂಶೋಧನಾ ಅಂಕದ ಶೇ. 30 ಮೀರಬಾರದು ಎಂಬ ಮಿತಿಯನ್ನು ಅದೇ ಪಟ್ಟಿಯಲ್ಲಿ ಇಟ್ಟಿದ್ದಾರೆ, ಸದ್ಯ. ಮಿತಿ ಇರದಿದ್ದರೆ ನಾವು ವರ್ಷಪೂರ್ತಿ ಶಾಲು ಮಡಚುತ್ತಲೇ ಇರುತ್ತಿದ್ದೆವೇನೋ.

2020ರ ಲಾಕ್‌ಡೌನಿನಲ್ಲಂತೂ ಮುಚ್ಚುಮರೆಯೂ ಹೋಯಿತು. ಯೂಟ್ಯೂಬ್ ಲಿಂಕ್, ಕೊನೆಗೊಂದು ಗೂಗಲ್ ಫಾರ್ಮ್, ತುಂಬಿದರೆ ಸರ್ಟಿಫಿಕೇಟು ಮೇಲಿಗೆ. ಈಗಿನ ಸಭಾಂಗಣಗಳೂ ಅದನ್ನೇ ಕಲಿತಿವೆ. ಫೀಡ್‌ಬ್ಯಾಕ್ ಫಾರ್ಮ್ ಬೆಳಗಿನ ಕಿಟ್ಟಿನಲ್ಲೇ ಇರುತ್ತದೆ, ಗೋಷ್ಠಿ "ಅತ್ಯುತ್ತಮ"ವಾಗಿತ್ತು ಎಂದು ಗೋಷ್ಠಿಗೆ ಮೊದಲೇ ಟಿಕ್ ಹಾಕಬಹುದು. ಸರ್ಟಿಫಿಕೇಟನ್ನು ಮಾತ್ರ ಸಮಾರೋಪದವರೆಗೆ ಬೀಗ ಹಾಕಿಟ್ಟಿರುತ್ತಾರೆ, ಜನ ಬಸ್ಸು ಹಿಡಿಯಬಾರದೆಂದು. ಖಾಲಿ ಕುರ್ಚಿ ತುಂಬಲು ಬಿ.ಕಾಂ. ಮಕ್ಕಳನ್ನು ಯೂನಿಫಾರ್ಮಿನಲ್ಲಿ ಕರೆತಂದು ಹಳಗನ್ನಡ ಛಂದಸ್ಸು ಕೇಳಿಸುವುದು ಬೇರೆ.

ಪ್ರಶ್ನೋತ್ತರದ ಬಗ್ಗೆ ಹೆಚ್ಚು ಹೇಳುವುದಿಲ್ಲ. "ಇದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ" ಎಂದು ಎದ್ದವರಿಂದ ಮೈಕ್ ಕಿತ್ತುಕೊಳ್ಳುವ ಧೈರ್ಯ ಯಾವ ಸಂಚಾಲಕರಿಗೂ ಇಲ್ಲ, ಯಾಕೆಂದರೆ ಅವರು ಸಾಮಾನ್ಯವಾಗಿ ನಿವೃತ್ತ ಪ್ರಾಧ್ಯಾಪಕರು, ಸಂಚಾಲಕರಿಗೆ ಪಾಠ ಹೇಳಿದವರು. ಊಟದ ಬಗ್ಗೆ ನನ್ನ ದೂರಿಲ್ಲ. ಎಷ್ಟೇ ಕಳಪೆ ಸೆಮಿನಾರಾದರೂ ಹೋಳಿಗೆ ಬಿಸಿಯಾಗೇ ಇರುತ್ತದೆ.

ಈಗ ನಾನು ಮಾಡುವುದಿಷ್ಟು. ಬ್ರೋಷರ್ ಬಂದರೆ ಮೊದಲ ಪುಟದ ಫೋಟೋಗಳನ್ನು ಬಿಟ್ಟು ಎರಡನೇ ದಿನ ಮಧ್ಯಾಹ್ನದ ಪಟ್ಟಿ ನೋಡುತ್ತೇನೆ. ನಾನು ಕೇಳಿರದ ಮೂರು ನಾಲ್ಕು ಹೆಸರು, ಒಂದು ಊರಿನ ಅಥವಾ ಒಂದು ಕಲ್ಲಿನ ಬಗ್ಗೆ ಮಾತ್ರ ಹೇಳುವ ಶೀರ್ಷಿಕೆ ಕಂಡರೆ ಅರ್ಜಿ ಬರೆಯುತ್ತೇನೆ. "ಜಾಗತೀಕರಣ ಮತ್ತು ಕನ್ನಡ ಸಾಹಿತ್ಯ: ಸವಾಲುಗಳು" ಎಂದಿದ್ದರೆ ಆ ದಿನ ಕ್ಲಾಸು ತಗೊಳ್ಳುತ್ತೇನೆ.