ಸ್ಪ್ರಾಕೆಟ್ ಹಿಂದೆ ಜಿನುಗುವ ಎಣ್ಣೆಗೆ ದಾರಿಗಳು ಎರಡು

ಡರ್ಟ್ ಬೈಕಿನ ಮುಂದಿನ ಸ್ಪ್ರಾಕೆಟ್, ಅಂದರೆ ಚೈನನ್ನು ಎಳೆಯುವ ಹಲ್ಲುಗಾಲಿಯ ಸುತ್ತ ಎಣ್ಣೆ ಕಾಣಿಸಿಕೊಂಡಾಗ ಚಿತ್ರದುರ್ಗದ ಯಾವ ಗ್ಯಾರೇಜಿಗೆ ಹೋದರೂ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಸೀಲ್ ಹೋಗಿದೆ ಅಣ್ಣ, ಹೊಸದು ಹಾಕಿದ್ರೆ ಆಯ್ತು." ಸೀಲ್ ಎಂದರೆ ತಿರುಗುವ ಭಾಗದ ಸುತ್ತ ಎಣ್ಣೆ ತಡೆಯುವ ರಬ್ಬರ್ ತುಟಿಯ ಉಂಗುರ. ಈ ಉತ್ತರ ಅರ್ಧ ಮಾತ್ರ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಸ ಸೀಲ್ ಹಾಕಿಸಿದ ಮೇಲೂ ಸೋರಿಕೆ ನಿಲ್ಲದೆ, ಇಂಜಿನ್ನನ್ನೇ ಬಿಚ್ಚಿಸಲು ಸಿದ್ಧರಾದ ಗೆಳೆಯರನ್ನು ನಾನು ಕಂಡಿದ್ದೇನೆ. ಅವರಲ್ಲಿ ಹಲವರ ಗಾಡಿಗೆ ಬೇಕಾಗಿದ್ದದ್ದು ಒಂದು ಸಣ್ಣ ಓ-ರಿಂಗ್, ಅಂದರೆ ರಬ್ಬರಿನ ಬಳೆ ಮಾತ್ರ.

ಆ ಜಾಗದ ರಚನೆಯನ್ನು ಮೊದಲು ತಿಳಿದುಕೊಳ್ಳಬೇಕು. ಗೇರ್ ಬಾಕ್ಸಿನಿಂದ ಹೊರಬರುವ ಶಾಫ್ಟಿನ ತುದಿಯಲ್ಲಿ ಸ್ಪ್ರಾಕೆಟ್ ಇರುತ್ತದೆ. ಬಹಳಷ್ಟು ಡರ್ಟ್ ಬೈಕುಗಳಲ್ಲಿ ಸ್ಪ್ರಾಕೆಟ್ಟಿಗೂ ಒಳಗಿನ ಬೇರಿಂಗಿಗೂ ನಡುವೆ ಶಾಫ್ಟಿನ ಮೇಲೆ ಕೊಳವೆಯಂಥ ಒಂದು ಉಕ್ಕಿನ ಕಾಲರ್ ಕೂತಿರುತ್ತದೆ. ಇಂಜಿನ್ ಕೇಸಿನಲ್ಲಿ ಬಿಗಿಯಾಗಿ ಕೂತ ಆಯಿಲ್ ಸೀಲಿನ ತುಟಿ ಒತ್ತಿಕೊಂಡಿರುವುದು ಶಾಫ್ಟನ್ನಲ್ಲ, ಈ ಕಾಲರಿನ ಹೊರಮೈಯನ್ನು. ಕಾಲರಿನ ಒಳಮೈಗೂ ಶಾಫ್ಟಿಗೂ ನಡುವೆ ಎಣ್ಣೆ ನುಸುಳದಂತೆ ತಡೆಯುವುದು ಓ-ರಿಂಗ್. ಹೀಗಾಗಿ ಎಣ್ಣೆಗೆ ಕಾಲರಿನ ಹೊರಗಿನಿಂದ ಒಂದು ದಾರಿ, ಒಳಗಿನಿಂದ ಇನ್ನೊಂದು ದಾರಿ. ಸೀಲ್ ಬದಲಿಸಿದರೆ ಮೊದಲನೆಯದು ಮಾತ್ರ ಮುಚ್ಚುತ್ತದೆ. ಸ್ಪ್ರಾಕೆಟ್ ನಟ್ ಸಡಿಲವಾಗಿದ್ದರೂ ಕಾಲರ್ ಓ-ರಿಂಗನ್ನು ಸರಿಯಾಗಿ ಅದುಮದೆ ಎಣ್ಣೆ ಬರಬಹುದು.

ನಮ್ಮ ಜಿಲ್ಲೆಯ ನೆಲವೂ ಈ ಜಾಗಕ್ಕೆ ಹಿತವಾದದ್ದಲ್ಲ. ಗಾಳಿಯಂತ್ರಗಳಿರುವ ಗುಡ್ಡಗಳ ಕಚ್ಚಾ ರಸ್ತೆಗಳಲ್ಲಿ ಕೆಂಧೂಳು ಮತ್ತು ಹರಳುಕಲ್ಲು, ಎರೆಭೂಮಿಯ ಬಂಡಿದಾರಿಗಳಲ್ಲಿ ಮಳೆ ಬಂದಾಗ ಅಂಟುವ ಕಪ್ಪು ಮಣ್ಣು. ಈ ಎರೆಮಣ್ಣು ಚೈನಿನ ಜೊತೆ ಸ್ಪ್ರಾಕೆಟ್ ಕವರಿನೊಳಗೆ ಸೇರಿ, ಒಣಗಿದ ಮೇಲೆ ಸುಟ್ಟ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಶಾಫ್ಟ್ ತಿರುಗಿದಂತೆಲ್ಲ ಅದರಲ್ಲಿನ ಮರಳಿನ ಕಣಗಳು ಸೀಲಿನ ತುಟಿಯನ್ನೂ ಕಾಲರನ್ನೂ ಸವೆಸುತ್ತವೆ.

ಬಿಚ್ಚುವ ಮೊದಲು ಸೋರುವ ಜಾಗವನ್ನು ಖಚಿತಪಡಿಸಿಕೊಳ್ಳುವುದು ಅತಿ ಮುಖ್ಯ. ಚೈನಿಗೆ ಹಾಕಿದ ಎಣ್ಣೆಯೇ ಸಿಡಿದು ಸೋರಿಕೆಯಂತೆ ಕಾಣುವುದುಂಟು. ಗೇರ್ ಲಿವರ್ ಶಾಫ್ಟಿನ ಸೀಲ್, ಮ್ಯಾಗ್ನೆಟ್ ಕವರಿನ ಗ್ಯಾಸ್ಕೆಟ್, ಕೆಲವು ಇಂಜಿನ್ನುಗಳಲ್ಲಿ ಕ್ಲಚ್ ಪುಶ್ ರಾಡಿನ ಸೀಲ್ ಮತ್ತು ನ್ಯೂಟ್ರಲ್ ಸ್ವಿಚ್ ಕೂಡ ಇದೇ ಸುತ್ತಿನಲ್ಲಿರುತ್ತವೆ. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಸರಿಯುತ್ತದೆ. ಆದ್ದರಿಂದ ಹನಿ ಬೀಳುವ ಜಾಗವನ್ನು ನೋಡದೆ, ಒದ್ದೆಯಾದ ಭಾಗದಲ್ಲಿ ಎಲ್ಲಕ್ಕಿಂತ ಮೇಲಿನ, ಮುಂದಿನ ಬಿಂದುವನ್ನು ಹುಡುಕಬೇಕು. ಸ್ಪ್ರಾಕೆಟ್ ಕವರ್ ತೆಗೆದು, ಮಣ್ಣನ್ನು ಮರದ ಕಡ್ಡಿಯಿಂದ ಕೆರೆದು, ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದು, ಬಟ್ಟೆಯಿಂದ ಪೂರ್ತಿ ಒಣಗಿಸಿದ ಮೇಲೆ ನಾನು ಆ ಭಾಗಕ್ಕೆಲ್ಲ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸುತ್ತೇನೆ. ಸ್ವಲ್ಪ ದೂರ ನಿಧಾನವಾಗಿ ಓಡಿಸಿ ಬಂದರೆ ಎಣ್ಣೆ ಬಂದ ದಾರಿ ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಮೂಡಿರುತ್ತದೆ. ನನ್ನ ಗಾಡಿಯಲ್ಲಿ ಸೀಲಿನ ಅಂಚು ಒಣಗಿಯೇ ಇತ್ತು. ಗೆರೆ ಮೂಡಿದ್ದು ಸ್ಪ್ರಾಕೆಟ್ಟಿನ ನಡುವೆ, ಶಾಫ್ಟಿನ ಹಲ್ಲುಗಳ ಸಂದಿಯಲ್ಲಿ. ಎಣ್ಣೆ ಒಳದಾರಿಯಿಂದಲೇ ಬರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನಟ್ಟನ್ನು ಚೈನ್ ಇರುವಾಗಲೇ, ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿದಿರುವಾಗ ಸಡಿಲಿಸಬೇಕು. ನಟ್ ಸಡಿಲವಾಗದಂತೆ ತಡೆಯುವ ಲಾಕ್ ವಾಷರಿನ ಮಡಿಸಿದ ಅಂಚನ್ನು ಅದಕ್ಕೂ ಮೊದಲು ಬಿಡಿಸಿರಬೇಕು. ಕಾಲರ್ ಎಳೆಯುವ ಮುನ್ನ ಎಣ್ಣೆ ಇಳಿಸುವುದು ಸುರಕ್ಷಿತ. ಕಾಲರ್ ಕೈಗೆ ಬಂದಾಗ ಅದರ ಹೊಳೆಯುವ ಹೊರಮೈ ಮೇಲೆ ಉಗುರನ್ನು ಅಡ್ಡಲಾಗಿ ಎಳೆದು ನೋಡಿದೆ. ಸೀಲಿನ ತುಟಿ ತಾಗುವ ಜಾಗದಲ್ಲಿ ಕಣ್ಣಿಗೆ ಅಷ್ಟಾಗಿ ಕಾಣದ ಒಂದು ಗೀರು ಸುತ್ತಲೂ ಇತ್ತು. ಉಗುರು ಅದರಲ್ಲಿ ಸಿಕ್ಕಿಕೊಂಡಿತು. ಓ-ರಿಂಗ್ ತನ್ನ ದುಂಡುತನವನ್ನು ಕಳೆದುಕೊಂಡು ಚಪ್ಪಟೆಯಾಗಿತ್ತು, ಬಾಗಿಸಿದರೆ ಬಿರುಕು ಕಾಣುತ್ತಿತ್ತು. ಉಗುರು ಸಿಕ್ಕಿಕೊಳ್ಳುವ ಕಾಲರನ್ನು ಮತ್ತೆ ಹಾಕಬಾರದು, ಏಕೆಂದರೆ ಹೊಸ ಸೀಲ್ ಕೂಡ ಆ ಗೀರಿನ ಮೇಲೆ ಹೆಚ್ಚು ಕಾಲ ಎಣ್ಣೆ ತಡೆಯಲಾರದು. ಆದ್ದರಿಂದ ಕಾಲರ್, ಓ-ರಿಂಗ್, ಸೀಲ್ ಮೂರನ್ನೂ ಒಟ್ಟಿಗೆ ಬದಲಿಸಿದೆ. ಸೀಲಿನ ಮುಖದ ಮೇಲೆ ಅಚ್ಚಾಗಿರುವ ಅಳತೆಯನ್ನು ಅಂಗಡಿಗೆ ಬರೆದುಕೊಂಡು ಹೋಗಬೇಕು. 25-40-7 ಎಂದಿದ್ದರೆ ಒಳವ್ಯಾಸ 25, ಹೊರವ್ಯಾಸ 40, ದಪ್ಪ 7 ಮಿಲಿಮೀಟರ್ ಎಂದರ್ಥ.

ಎಲ್ಲ ಇಂಜಿನ್ನುಗಳಲ್ಲೂ ಈ ಸೀಲನ್ನು ಹೊರಗಿನಿಂದ ಕೀಳಲು ಆಗುವುದಿಲ್ಲ. ಕೆಲವದರಲ್ಲಿ ಅದನ್ನು ಹಿಡಿದಿಡುವ ತಗಡನ್ನು ಮೊದಲು ಬಿಚ್ಚಬೇಕು. ಕೆಲವದರಲ್ಲಿ ಸೀಲಿನ ಅಂಚು ಕೇಸಿನ ಎರಡು ಹೋಳುಗಳ ನಡುವಿನ ತೋಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ನೋಡದೆ ಸ್ಕ್ರೂಡ್ರೈವರ್ ಹಾಕಿ ಮೀಟಬಾರದು. ಸೀಲ್ ಕೂರುವ ಅಲ್ಯೂಮಿನಿಯಂ ಮೈಗೆ ಒಂದು ಗೀಚು ಬಿದ್ದರೂ ಅದೇ ಹೊಸ ಸೋರಿಕೆಗೆ ಕಾರಣವಾಗುತ್ತದೆ.

ಜೋಡಿಸುವಾಗ ಶಾಫ್ಟಿನ ಹಲ್ಲುಗಳಿಗೆ ತೆಳುವಾದ ಟೇಪ್ ಸುತ್ತಿ, ಗ್ರೀಸ್ ಹಚ್ಚಿದ ಓ-ರಿಂಗನ್ನು ಅದರ ಮೇಲಿಂದ ಜಾರಿಸಿದೆ. ಬರಿ ಹಲ್ಲುಗಳ ಮೇಲೆ ಎಳೆದರೆ ಅದು ಕತ್ತರಿಸಿಹೋಗಬಹುದು. ಸೀಲಿನ ಸ್ಪ್ರಿಂಗ್ ಇರುವ ಬದಿ ಎಣ್ಣೆಯ ಕಡೆಗೆ, ಅಂದರೆ ಒಳಗೆ ಹೋಗಬೇಕು. ಅದರ ಹೊರವ್ಯಾಸಕ್ಕಿಂತ ತುಸು ಸಣ್ಣದಾದ ಸಾಕೆಟ್ ಇಟ್ಟು, ಹಳೆಯದು ಕೂತಿದ್ದ ಆಳಕ್ಕೆ ಸಮವಾಗಿ ತಟ್ಟಬೇಕು. ಇಲ್ಲಿ ಸಿಲಿಕಾನ್ ಪೇಸ್ಟ್ ಮೆತ್ತಿ ಕಳಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ತಿರುಗುವ ಭಾಗದ ಸೋರಿಕೆಯನ್ನು ಪೇಸ್ಟ್ ನಿಲ್ಲಿಸಲಾರದು.

ಹೊಸ ಸೀಲ್ ಮತ್ತೆ ಬೇಗ ಹೋಗುತ್ತಿದ್ದರೆ ಚೈನಿನ ಬಿಗಿಯನ್ನು ನೋಡಬೇಕು. ಡರ್ಟ್ ಬೈಕಿನ ಹಿಂದಿನ ಸಸ್ಪೆನ್ಷನ್ ಹೆಚ್ಚು ದೂರ ಚಲಿಸುವುದರಿಂದ, ಮುಂದಿನ ಸ್ಪ್ರಾಕೆಟ್, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಕೀಲು ಮತ್ತು ಹಿಂದಿನ ಆಕ್ಸಲ್ ಒಂದೇ ಗೆರೆಗೆ ಬಂದ ಕ್ಷಣದಲ್ಲಿ ಚೈನ್ ಅತಿ ಬಿಗಿಯಾಗುತ್ತದೆ. ಸ್ಟ್ಯಾಂಡಿನ ಮೇಲೆ ಸರಿಯಾಗಿ ಕಂಡ ಚೈನ್ ಆಗ ಶಾಫ್ಟನ್ನು ಜಗ್ಗಿ ಬೇರಿಂಗನ್ನು ಸವೆಸುತ್ತದೆ, ಅಲುಗಾಡುವ ಶಾಫ್ಟಿನ ಮೇಲೆ ಯಾವ ಸೀಲೂ ನಿಲ್ಲದು. ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿದಾಗ ಸಡಿಲು ಕಂಡರೆ ಬೇರಿಂಗ್ ಬದಲಿಸದೆ ಬೇರೆ ದಾರಿಯಿಲ್ಲ. ಇಂಜಿನ್ನಿನ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪಿನ ಬಾಯಿಗೆ ಎರೆಮಣ್ಣು ಮೆತ್ತಿಕೊಂಡಿದ್ದರೂ ಒಳಗಿನ ಒತ್ತಡ ಹೆಚ್ಚಿ ಎಣ್ಣೆ ಸೀಲುಗಳ ಮೂಲಕ ಹೊರಬರುತ್ತದೆ. ಅದನ್ನು ನಾನು ಈಗ ಪ್ರತಿ ಸಲ ತೊಳೆಯುವಾಗಲೂ ಊದಿ ನೋಡುತ್ತೇನೆ, ಮತ್ತು ವಾಟರ್ ಸರ್ವಿಸ್ ಮಾಡುವವರಿಗೆ ಸ್ಪ್ರಾಕೆಟ್ ಸಂದಿಗೆ ನೇರವಾಗಿ ಪೈಪ್ ಹಿಡಿಯಬೇಡಿ ಎಂದು ಮೊದಲೇ ಹೇಳುತ್ತೇನೆ.