ಆಚಾರ್ರ ಲೇಸರ್, ನಮ್ಮ ಲೇಸರ್

ಉಡುಪಿ, 14 ಜುಲೈ 2024, ಆದಿತ್ಯವಾರ

ಅತ್ತೆಯ ಬಳೆಯ ಬೆಸುಗೆ ಬಿಟ್ಟಿತ್ತು. ರಥಬೀದಿ ಹತ್ತಿರದ ಚಿನ್ನದ ಕೆಲಸದ ಆಚಾರ್ರಲ್ಲಿಗೆ ತಗೊಂಡು ಹೋದೆ. ಅವರೀಗ ಬೆಸುಗೆಗೆ ಲೇಸರ್ ಮೆಷಿನ್ ಇಟ್ಟಿದ್ದಾರೆ. ಎರಡೂ ಕೈ ಪೆಟ್ಟಿಗೆಯೊಳಗೆ ಹಾಕಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಕಾಲಲ್ಲಿ ಪೆಡಲ್ ಒತ್ತಿದರೆ ಟಿಕ್. ಒಂದೊಂದು ಟಿಕ್‌ಗೂ ಒಂದು ಚುಕ್ಕೆಯಷ್ಟು ಚಿನ್ನ ಕರಗಿ ಕೂಡುತ್ತದೆ.

"ನೀವೂ ಲ್ಯಾಬಲ್ಲಿ ಚಿನ್ನಕ್ಕೆ ಲೇಸರ್ ಹೊಡೆಯುವುದಂತಲ್ಲ, ಕರಗುವುದಿಲ್ವಾ ಮಾರಾಯ್ರೆ?" ಅಂತ ಕೇಳಿದರು ಆಚಾರ್ರು.

ವೈವಾದಲ್ಲೂ (ಬಾಯಿಪರೀಕ್ಷೆಯಲ್ಲೂ) ಇಷ್ಟು ನೇರವಾಗಿ ಯಾರೂ ಕೇಳುವುದಿಲ್ಲ.

ಅವರ ಮೆಷಿನ್ನಿನ ಒಂದು ಪೆಟ್ಟು ಕೆಲವು ಮಿಲಿಸೆಕೆಂಡ್. ನಮ್ಮದು ಸುಮಾರು 100 ಫೆಮ್ಟೋಸೆಕೆಂಡ್. ಒಂದು ಮಿಲಿಸೆಕೆಂಡನ್ನು ಸಾವಿರ ಕೋಟಿ ಪಾಲು ಮಾಡಿದರೆ ಅದರಲ್ಲೊಂದು. ಅಷ್ಟರಲ್ಲಿ ಬೆಳಕು ಓಡುವುದು ಬರೀ 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್).

ಲೋಹದಲ್ಲಿ ಬೆಳಕನ್ನು ಮೊದಲು ನುಂಗುವುದು ಎಲೆಕ್ಟ್ರಾನುಗಳು. ಅವು ಬಿಸಿಯಾಗಲು ಶಕ್ತಿ ಬೇಕಾಗುವುದೇ ಸ್ವಲ್ಪ. ಸಾವಿರಾರು ಡಿಗ್ರಿಗೆ ಏರಿಬಿಡುತ್ತವೆ. ಪರಮಾಣುಗಳಿಗೆ ಇನ್ನೂ ಸುದ್ದಿಯೇ ಮುಟ್ಟಿರುವುದಿಲ್ಲ! ಒಂದೇ ಚೂರು ಚಿನ್ನ, ಒಳಗೆ ಎರಡು ಉಷ್ಣತೆ. ಆಮೇಲೆ ಕೆಲವು ಪಿಕೋಸೆಕೆಂಡಲ್ಲಿ (ಸಾವಿರ ಫೆಮ್ಟೋಸೆಕೆಂಡಿಗೆ ಒಂದು ಪಿಕೋಸೆಕೆಂಡ್) ಬಿಸಿ ಪರಮಾಣುಗಳಿಗೆ ದಾಟುತ್ತದೆ. ಎಲೆಕ್ಟ್ರಾನು 2000 ಕೆಲ್ವಿನ್ ಮುಟ್ಟಿದ್ದರೂ ಪರಮಾಣುಗಳ ಪಾಲಿಗೆ ಬರುವುದು ಸುಮಾರು 50 ಡಿಗ್ರಿಯ ಏರಿಕೆ. ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಬೇಕು.

ಜಾಸ್ತಿ ಶಕ್ತಿ ಕೊಟ್ಟರೆ ಬಿದ್ದ ಜಾಗದ ಚಿನ್ನ ಹಾರಿಯೇ ಹೋಗುತ್ತದೆ, ಸುತ್ತ ಬಿಸಿ ಹರಡುವುದು ಕಮ್ಮಿ ಅಂದೆ. ಆಚಾರ್ರಿಗೆ ಅದು ಹಿಡಿಸಲಿಲ್ಲ. ಟೇಬಲ್ ಗುಡಿಸಿದ ಧೂಳನ್ನೂ ಎತ್ತಿಡುವವರು ಅವರು. "ಹಾರಿದ್ದರ ತೂಕ ಯಾರು ಕೊಡುವುದು?" ಅಂದರು.

ಇದನ್ನೆಲ್ಲ ಅಳೆಯುವುದು ಹೇಗೆ ಅಂತ ಅವರು ಕೇಳಲಿಲ್ಲ. ನನಗೆ ಇಷ್ಟವಾದ ಭಾಗವೇ ಅದು. ಇಷ್ಟು ವೇಗವನ್ನು ನೇರವಾಗಿ ಹಿಡಿಯುವ ಡಿಟೆಕ್ಟರ್ ನಮ್ಮಲ್ಲಿಲ್ಲ. ಹಾಗಾಗಿ ಲೇಸರಿನ ಒಂದೇ ಪಲ್ಸನ್ನು, ಅಂದರೆ ಒಂದು ಪೆಟ್ಟನ್ನು, ಎರಡಾಗಿ ಒಡೆಯುತ್ತೇವೆ. ಜೋರಿನದ್ದು ಮೊದಲು ಹೋಗಿ ಎಲೆಕ್ಟ್ರಾನುಗಳನ್ನು ಕಾಯಿಸುತ್ತದೆ. ಸಪ್ಪೆಯದ್ದು ಸ್ವಲ್ಪ ತಡವಾಗಿ ಬಂದು, ಚಿನ್ನ ಎಷ್ಟು ಬೆಳಕನ್ನು ವಾಪಸ್ ಕಳಿಸುತ್ತದೆ ಅಂತ ನೋಡುತ್ತದೆ. ತಡ ಮಾಡಿಸುವುದಕ್ಕೆ ಅದರ ದಾರಿಯ ಕನ್ನಡಿಯನ್ನು ಹಿಂದೆ ಸರಿಸಿದರಾಯಿತು. 1.5 ಮೈಕ್ರಾನ್ ಸರಿಸಿದರೆ, ಹೋಗಿ ಬರುವ ದಾರಿ 3 ಮೈಕ್ರಾನ್ ಉದ್ದವಾಗಿ 10 ಫೆಮ್ಟೋಸೆಕೆಂಡ್ ತಡ. ಗಡಿಯಾರ ಬೇಡ, ಒಳ್ಳೆ ಸ್ಕ್ರೂ ಸಾಕು. ಆದರೆ ವಾಪಸ್ ಬರುವ ಬೆಳಕಲ್ಲಿ ಸಿಗುವ ವ್ಯತ್ಯಾಸ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಪಕ್ಕದಲ್ಲಿ ಯಾರಾದರೂ ಬಾಗಿಲು ದಡಾರನೆ ಹಾಕಿದರೂ ಗ್ರಾಫ್ ನಡುಗುತ್ತದೆ.

ನಾಳೆ ತಾಮ್ರದ ಪದರ ಇಡಬೇಕು. ಚಿನ್ನಕ್ಕಿಂತ ತಾಮ್ರದಲ್ಲಿ ಎಲೆಕ್ಟ್ರಾನುಗಳು ಬಿಸಿಯನ್ನು ಬೇಗ ಬಿಟ್ಟುಕೊಡುತ್ತವೆ, ಗ್ರಾಫ್ ಕಡಿದಾಗಿ ಇಳಿಯಬೇಕು. ಈ ಮಳೆಗೆ ಕರೆಂಟ್ ಇದ್ದರೆ ತಾನೆ.